ಬೊಗಸೆ ನೀರಿನ ಆಣೆ

ಶಹಾಪುರ
ಸೋಮವಾರ, 13 ಏಪ್ರಿಲ್ 2026

ಪ್ರೀತಿಯ ಅಪ್ಪನಿಗೆ,

ನಾಲ್ಕು ವರ್ಷದ ಹಿಂದೆ ತಮ್ಮ ಅರ್ಜುನನ ತಲೆಯ ಮೇಲೆ ನಿನ್ನ ಜೀವದ ಆಣೆ ಇಟ್ಟೆಯಲ್ಲ, ಅದು ತಪ್ಪು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ನೀನು ನೀರಿಗೆ ಇಳಿದರೆ ನಾನು ಸತ್ತಂತೆ ಎಂದು ಹದಿಮೂರು ವರ್ಷದ ಹುಡುಗನಿಗೆ ಹೇಳುವ ಹಕ್ಕು ಯಾವ ಅಪ್ಪನಿಗೂ ಇಲ್ಲ. ಒಳ್ಳೆಯದಕ್ಕೆ ಹೇಳಿದರೂ ಇಲ್ಲ.

ನಿನ್ನ ಕೈ ಈಗ ಹೇಗಿದೆ? ಗಾಯ ಒಣಗಿದೆ, ಆದರೆ ಚಳಿಗೆ ಸೆಳೆಯುತ್ತದೆ ಎಂದು ನಿನ್ನ ಬೋಟಿನ ಶಾರುಖ್ ಹೇಳಿದ. ಉಪ್ಪುನೀರು ತಾಗದಂತೆ ರಬ್ಬರಿನ ಕೈಗವಸು ಹಾಕಿಕೊಳ್ಳುತ್ತೀಯೋ ಇಲ್ಲವೋ? ನೀನು ಹಾಕಿಕೊಳ್ಳುವುದಿಲ್ಲ, ನನಗೆ ಗೊತ್ತು. ಫೋನಿನಲ್ಲಿ ಹೇಳದೆ ಕಾಗದ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿಮ್ಮ ಬೋಟು ನೀರಿನ ಮೇಲಿದೆ, ಗುರುವಾರ ಮಲ್ಪೆಗೆ ಬರುತ್ತದಂತೆ. ಶಾರುಖ್ ತಂಗಿಯ ಮದುವೆ ಮುಗಿಸಿ ಇವತ್ತು ಸಂಜೆಯ ಬಸ್ಸಿಗೆ ಹೊರಡುತ್ತಾನೆ. ನೀನು ದಡಕ್ಕೆ ಇಳಿದ ಕೂಡಲೇ ಇದು ನಿನ್ನ ಕೈಗೆ ಸಿಗುತ್ತದೆ. ಅದಲ್ಲದೆ ಫೋನಿನಲ್ಲಿ ನೀನು ಪೂರ್ತಿ ಕೇಳುವುದಿಲ್ಲ, ಅರ್ಧಕ್ಕೇ ದನಿ ಏರಿಸುತ್ತೀ, ಆಗ ನಾನೂ ಏರಿಸುತ್ತೇನೆ. ಕಾಗದದ ಜೊತೆ ಜಗಳ ಆಡಲು ಬರುವುದಿಲ್ಲ. ನಿಧಾನಕ್ಕೆ, ಒಬ್ಬನೇ ಕುಳಿತು ಓದು. ಬೇರೆಯವರ ಕೈಯಲ್ಲಿ ಓದಿಸಬೇಡ. ನಿನಗೆ ತಿಳಿಯಲೆಂದು ಅಕ್ಷರ ಬಿಡಿಸಿ ಬಿಡಿಸಿ ಬರೆದಿದ್ದೇನೆ.

ಅವ್ವ ಆರಾಮಾಗಿದ್ದಾಳೆ. ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ ಕಟ್ಟಿ ಕಳಿಸಿದ್ದಾಳೆ. ಮನೆಗೆ ಯಾರೇ ಬರಲಿ, ಅರ್ಜುನನ ಫೋಟೋ ತೋರಿಸಿ ನಮ್ಮ ಮನಿ ಡಾಕ್ಟರ ಎನ್ನುತ್ತಾಳೆ. ಅವನು ರಜೆಗೆ ಬಂದರೆ ಓಣಿಯ ಮುದುಕಿಯರು ಗುಳಿಗೆ ಚೀಟಿ ಹಿಡಿದು ಬರುತ್ತಾರೆ. ಹುಲಗಪ್ಪ ದೊಡ್ಡಪ್ಪನಂತೂ ಅವನನ್ನು ಕಂಡರೆ ಧೋತರ ಮೇಲೆತ್ತಿ, ಡಾಕ್ಟರಸಾಬ್, ಈ ಮಣಕಾಲು ರಿಪೇರಿ ಆಗ್ತದೇನ್ರಿ, ಇಲ್ಲಾ ಬದಲಿ ಮಾಡಬೇಕೇನ್ರಿ ಎಂದು ಕಾಡುತ್ತಿದ್ದ. ಮೊದಲು ಅರ್ಜುನ ನಗುತ್ತಿದ್ದ. ಈಗ ನಗುವುದಿಲ್ಲ. ಅವನ ವಿಷಯಕ್ಕೇ ಈ ಕಾಗದ. ನನಗೆ ಬಹಳ ಹೆದರಿಕೆಯಾಗಿದೆ, ಅಪ್ಪಾ. ಸುರಪುರದ ಮುದ್ರಣದ ಅಂಗಡಿಯಲ್ಲಿ ಕರಪತ್ರಗಳನ್ನು ಟೈಪು ಮಾಡುತ್ತ ಮಾಡುತ್ತ ಅವನ್ನೇ ಓದಿ ಬಾಯಿ ಬಲಿತವಳು ನಾನು ಎಂದು ನೀನೇ ಹೇಳುತ್ತೀಯಲ್ಲ. ಆ ಬಾಯಿ ಈ ಒಂದು ತಿಂಗಳಿಂದ ಉಪಯೋಗಕ್ಕೆ ಬಂದಿಲ್ಲ.

ಆಣೆಯ ದಿನ ನಿನಗೆ ನೆನಪಿದೆಯೇ? ನನಗೆ ಪ್ರತಿಯೊಂದು ನೆನಪಿದೆ. ಡ್ಯಾಮಿನಿಂದ ನೀರು ಬಿಟ್ಟ ವಾರ. ಸೇತುವೆಯ ಹತ್ತಿರ ಮುಳುಗಿದವನನ್ನು ಹುಡುಕಿಕೊಡಲು ಪೊಲೀಸರು ಜೀಪಿನಲ್ಲಿ ಬಂದು ನಿನ್ನನ್ನು ಕರೆದುಕೊಂಡು ಹೋದರು. ಎರಡು ದಿನ ಕೃಷ್ಣೆಯಲ್ಲಿ ಹರಿಗೋಲು ತಿರುಗಿಸಿದೆ. ನಿನ್ನ ಜೊತೆ ಅರ್ಜುನನೂ ಇದ್ದ, ಎಂಟನೇ ಕ್ಲಾಸು. ಹೆಣ ಯಾವ ಕಲ್ಲಿನ ಹಿಂದೆ ನಿಂತಿರಬಹುದೆಂದು ಕೈ ಮಾಡಿ ತೋರಿಸಿದವನು ಅವನೇ. ನೀನು ಅದನ್ನು ಎತ್ತಿ ತಂದಾಗ ಜೀಪಿನವರು ಮೂಗಿಗೆ ಕರವಸ್ತ್ರ ಹಿಡಿದು ಇಪ್ಪತ್ತು ಮಾರು ದೂರ ನಿಂತಿದ್ದರು. ಕೈಗೊಂದು ಟವೆಲ್ಲು, ಒಂದು ಕ್ವಾರ್ಟರ್ ಬಾಟಲಿ ಕೊಟ್ಟರು. ರಸ್ತೆಯ ಹೋಟೆಲಿನವನು ಒಳಗೆ ಬರಬ್ಯಾಡ್ರಿ ಎಂದು ನಿಮ್ಮಿಬ್ಬರಿಗೂ ಹೊರಗೇ ಚಹಾ ಕೊಟ್ಟ. ಅರ್ಜುನ ಕುಡಿಯಲಿಲ್ಲ. ಆ ಸಂಜೆ ನೀನು ಅವನನ್ನು ಸೊಂಟದಮಟ್ಟದ ನೀರಿಗೆ ನಿಲ್ಲಿಸಿ, ಬೊಗಸೆಯಲ್ಲಿ ಹೊಳೆ ನೀರು ತುಂಬಿ, ಗಂಗಮ್ಮನ ಹೆಸರು ಹೇಳಿ ಅವನ ನೆತ್ತಿಗೆ ಸುರಿದೆ.

‘ಇವತ್ತಿಗೆ ಮುಗೀತು. ಇನ್ನ ನೀ ಈ ನೀರಿಗೆ ಇಳದ್ರ ನನ್ನ ಜೀವದ ಮ್ಯಾಲ ಆಣಿ. ನೀ ಡಾಕ್ಟರ ಆಗಬೇಕು. ಹೆಣಾ ಎತ್ತಾಂವ ಅಲ್ಲ, ಜೀವಾ ಉಳಸಾಂವ ಆಗಬೇಕು.’

ದಂಡೆಯ ಮೇಲೆ ನಾನೂ ಇದ್ದೆ. ನಾನು ಏನು ಮಾಡಿದೆ ಗೊತ್ತೇ? ಒಪ್ಪಿದೆ. ಕುಲಕಸುಬು ಎಂಬುದು ಬಡವರ ಕಾಲಿಗೆ ಹಾಕಿದ ಸರಪಳಿ ಎಂದು ಅದೇ ವಾರ ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದೆ. ನಮ್ಮ ಅಪ್ಪ ಓದದೆಯೇ ಅದನ್ನು ತಿಳಿದುಕೊಂಡ ಎಂದು ಹೆಮ್ಮೆಪಟ್ಟೆ. ಆ ಹೊತ್ತಿಗೆಯ ಮಾತು ಈಗಲೂ ಸರಿಯೆಂದೇ ನನಗೆ ಅನ್ನಿಸುತ್ತದೆ. ಆದರೆ ಒಂದು ಸರಪಳಿ ಬಿಚ್ಚುವಾಗ ಇನ್ನೊಂದನ್ನು ಅವನ ಕೊರಳಿಗೆ ಹಾಕಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಸೈನ್ಸು ತೆಗೆದುಕೊಳ್ಳುವ ಅರ್ಜಿ ತುಂಬಿದವಳು ನಾನು. ಶಹಾಪುರದ ಈ ಕೋಚಿಂಗ್ ಹಾಸ್ಟೆಲು ಹುಡುಕಿದವಳೂ ನಾನೇ. ನಿನಗೇನು ಬೇಕು ಎಂದು ನಾವಿಬ್ಬರೂ ಅವನನ್ನು ಒಂದು ಸಲವೂ ಕೇಳಲಿಲ್ಲ. ಅವನ ಓದಿಗೆಂದು ನೀನು ಹೊಳೆ ಬಿಟ್ಟು ಸಮುದ್ರಕ್ಕೆ ಹೋದೆ. ಮಗನಿಗೆ ನೀರು ಬೇಡವೆಂದವನು ಇನ್ನೂ ದೊಡ್ಡ ನೀರಿಗೆ ಹೋಗಿ ಕುಳಿತೆ. ಅವನ ಹೆದರಿಕೆ ದೊಡ್ಡದಾದದ್ದು ಅಲ್ಲಿಂದಲೇ ಇರಬೇಕು.

ಒಂದು ಸಂಗತಿ ನಿನಗೆ ಗೊತ್ತಿಲ್ಲ. ಅರ್ಜುನ ಆಣೆಯನ್ನು ನಾಲ್ಕು ವರ್ಷ ಕಾಲ ಹನಿಯಷ್ಟೂ ಮುರಿಯಲಿಲ್ಲ. ಪಾದ ಕೂಡ ತೋಯಿಸಲಿಲ್ಲ. ಆದರೆ ಹೊಳೆಯನ್ನು ಬಿಡಲೂ ಇಲ್ಲ. ರಜೆಯಲ್ಲಿ ಬಂದಾಗೆಲ್ಲ ದಂಡೆಯ ಕಲ್ಲಿನ ಮೇಲೆ ಕುಳಿತಿರುತ್ತಿದ್ದ. ದೊಡ್ಡಪ್ಪ ಹರಿಗೋಲು ಎಳೆದು ತಂದ ಕೂಡಲೇ, ಇವತ್ತ ಗಳ ಎಷ್ಟ ಮುಳಗ್ತು, ಎಲ್ಲಿ ಮುಳಗ್ತು ಎಂದು ಕೇಳುತ್ತಿದ್ದ. ದೊಡ್ಡಪ್ಪನ ಬಿದಿರು ಗಳಕ್ಕೆ ಮೊಳಕ್ಕೊಂದರಂತೆ ಬಣ್ಣದ ಬಟ್ಟೆಯ ಗಂಟು ಕಟ್ಟಿಕೊಟ್ಟಿದ್ದ. ಬಿಳಿಯ ಗಂಟಿನವರೆಗೆ ತೋಯ್ದಿದ್ದರೆ ಇಷ್ಟು ಆಳ, ಕೆಂಪಿನವರೆಗೆ ತೋಯ್ದಿದ್ದರೆ ಇಷ್ಟು. ಹೀಗೆ ಬೇರೆಯವರ ಗಳದಿಂದ ಅಳೆದು, ಮರಳು ತೆಗೆದ ಗುಂಡಿಗಳನ್ನೆಲ್ಲ ಫಿಜಿಕ್ಸ್ ನೋಟಿನ ಹಿಂದಿನ ಹಾಳೆಗಳಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದಾನೆ. ಯಾವ ಗುಂಡಿಯ ಯಾವ ಮಗ್ಗುಲು ಕಡಿದು, ಯಾವುದು ಇಳಿಜಾರು, ಡ್ಯಾಮಿನ ನೀರು ಬಂದುಹೋದ ಮೇಲೆ ಯಾವುದು ತುಂಬಿತು, ಯಾವುದು ಎಷ್ಟು ಹೆಜ್ಜೆ ಜರುಗಿತು, ಎಲ್ಲ. ಮೊದಮೊದಲು ನಗುತ್ತಿದ್ದ ದೊಡ್ಡಪ್ಪ ಹೋದ ವರ್ಷದಿಂದ ಅಮಾವಾಸ್ಯೆಯ ಸ್ನಾನಕ್ಕೆ ಮಂದಿ ಬರುವ ಮುಂಚೆ ಇವನನ್ನು ಕೇಳಿ ಎಲ್ಲೆಲ್ಲಿ ಬೇಲಿ ಮುಳ್ಳು ಹಾಕಬೇಕೆಂದು ನಿರ್ಧರಿಸುತ್ತಿದ್ದ. ನಾನು ಇದನ್ನು ಆಟವೆಂದುಕೊಂಡೆ. ಓದುವ ಹೊತ್ತು ಹಾಳು ಮಾಡುತ್ತಿದ್ದಾನೆ ಎಂದು ಬೈದಿದ್ದೂ ಉಂಟು.

ಈ ಸಲದ ಸಂಕ್ರಾಂತಿಗೆ ಕಕ್ಕೇರಾ ಕಡೆಯಿಂದ ಒಂದು ಒಕ್ಕಲುಮನೆಯವರು ಟ್ರ್ಯಾಕ್ಟರಿನಲ್ಲಿ ಸ್ನಾನಕ್ಕೆ ಬಂದಿದ್ದರು. ಅವರ ಮಗಳು ಶಾಂಭವಿಗೆ ಎಂಟು ವರ್ಷ. ಅಲ್ಲಿ ಇಳೀಬ್ಯಾಡ್ರಿ, ಗುಂಡಿ ಅದ ಎಂದು ಅರ್ಜುನ ಕಲ್ಲಿನ ಮೇಲಿಂದ ಎರಡು ಸಲ ಕೂಗಿದ. ನೀ ಯಾರೋ ತಮ್ಮಾ, ಹೊಳಿ ನಿಮ್ಮಪ್ಪಂದೇನು ಎಂದು ಒಬ್ಬ ನಕ್ಕ. ಸ್ವಲ್ಪ ಹೊತ್ತಿಗೆ ಹುಡುಗಿಯ ಒಂದು ಚಪ್ಪಲಿ ತೇಲಿಹೋಯಿತು, ಅವಳು ಅದರ ಹಿಂದೆ ಹೋದಳು, ಮುಳುಗಿದಳು. ದೊಡ್ಡಪ್ಪನ ಹರಿಗೋಲು ಆಚೆ ದಂಡೆಯಲ್ಲಿತ್ತು. ನಾನು ಅರ್ಜುನನ ಮುಖ ನೋಡಿದೆ. ಅಪ್ಪಾ, ಆ ಮುಖವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅವನು ನೀರು ನೋಡುತ್ತಿರಲಿಲ್ಲ, ಅಲ್ಲಿಲ್ಲದ ನಿನ್ನನ್ನೇ ನೋಡುತ್ತಿದ್ದ. ಆಮೇಲೆ ಹಾರಿದ. ಹುಡುಗಿ ಮುಳುಗಿದ ಜಾಗಕ್ಕೆ ಹೋಗಲಿಲ್ಲ, ಅಲ್ಲಿಂದ ಹತ್ತು ಹೆಜ್ಜೆ ಕೆಳಗೆ ಹೋಗಿ ಕುತ್ತಿಗೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತುಬಿಟ್ಟ. ಮಂದಿ ದಂಡೆಯ ಮೇಲೆ ಎದೆ ಬಡಿದುಕೊಂಡು, ಅಲ್ಲೇನ್ ನಿಂತೀದಿ ಹುಚ್ಚಾ, ಇಲ್ಲಿ ಮುಳುಗ್ಯಾಳ ಎಂದು ಬೈಯತೊಡಗಿದರು. ಅವನು ಕದಲಲಿಲ್ಲ. ಆ ಗುಂಡಿಯ ಮೇಲಿನ ಮಗ್ಗುಲು ಕಡಿದು, ಕೆಳಗಿನ ಮಗ್ಗುಲು ಇಳಿಜಾರು, ಒಳಗೆ ಸುತ್ತುವ ನೀರು ಅಲ್ಲಿಗೇ ತಂದು ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ನಾನು ಮೂವತ್ತರವರೆಗೆ ಎಣಿಸಿರಬಹುದು. ಅವನು ಬಗ್ಗಿದ, ಕೂದಲು ಹಿಡಿದು ಎತ್ತಿದ. ಹುಡುಗಿ ಬದುಕಿದಳು. ಈಗ ಶಾಲೆಗೆ ಹೋಗುತ್ತಿದ್ದಾಳೆ.

ಹುಡುಗಿಯ ಅವ್ವ ಅವನ ಕಾಲು ಹಿಡಿಯಲು ಬಂದಳು. ನಕ್ಕವನು ಟೋಪಿ ತೆಗೆದು ತಲೆ ಬಗ್ಗಿಸಿದ. ಅರ್ಜುನ ಯಾರನ್ನೂ ನೋಡಲಿಲ್ಲ. ನೀರು ಸೋರುವ ಬಟ್ಟೆಯಲ್ಲೇ ನನ್ನ ಹತ್ತಿರ ಬಂದ. ಅವನ ಬಾಯಿಂದ ಬಂದ ಮೊದಲ ಮಾತು ಇದು:

‘ಅಕ್ಕಾ, ಅಪ್ಪಗ ಫೋನ್ ಹಚ್ಚು.’

ಫೋನು ಹತ್ತಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಬೋಟು ದೂರ ಹೋಗಿರಬೇಕೆಂದು ನಾನು ಸಮಾಧಾನ ಹೇಳಿದೆ. ಅವನು ಊಟ ಬಿಟ್ಟ. ಅಪ್ಪನಿಗೆ ಹೇಳಬೇಡಿ ಎಂದು ಓಣಿಯ ಮನೆಮನೆಗೆ ಹೋಗಿ ಕೈಮುಗಿದು ಬಂದ. ಅದಕ್ಕೇ ನಿನಗೆ ಇಂದಿನವರೆಗೆ ಯಾರೂ ಹೇಳಿಲ್ಲ. ಇಡೀ ಓಣಿ ಬಾಯಿ ಕಟ್ಟಿಕೊಂಡು ಕುಳಿತಿದೆ. ಹೊಟ್ಟೆಯಲ್ಲಿ ಮಾತು ನಿಲ್ಲದ ದೊಡ್ಡಪ್ಪ ಕೂಡ. ಐದನೆಯ ದಿನ ಅವನು ನೀರು ಕುಡಿಯಲೂ ಒಲ್ಲೆನೆಂದಾಗ ನಾನು ಸುಳ್ಳು ಹೇಳಿದೆ. ನೀನು ಹೊರಗೆ ಹೋದಾಗ ಅಪ್ಪ ಫೋನ್ ಮಾಡಿದ್ದ, ಆರಾಮ ಇದ್ದಾನೆ ಎಂದೆ. ಮಕ್ಕಳಿಗೆ ಸುಳ್ಳು ಹೇಳುವುದು ಹಿಂಸೆಯ ಇನ್ನೊಂದು ರೂಪ ಎಂಬ ಸಾಲನ್ನು ನಾನೇ ಸಾವಿರ ಪ್ರತಿ ಮುದ್ರಿಸಿಕೊಟ್ಟಿದ್ದೇನೆ. ಆದರೂ ಹೇಳಿದೆ. ಅವನು ಎರಡು ರೊಟ್ಟಿ ತಿಂದ, ಚೀಲ ತೆಗೆದುಕೊಂಡು ಹಾಸ್ಟೆಲಿಗೆ ಹೋದ.

ಹತ್ತನೆಯ ದಿನ, ಭಾನುವಾರ, ನೀನು ಹಾಸ್ಟೆಲಿನ ನಂಬರಿಗೆ ಫೋನ್ ಮಾಡಿದೆ. ಅಕ್ಕಗ ಮೊನ್ನೆ ಮಾಡಿದ್ದೆಲ್ಲ ಎಂದು ಅವನು ಕೇಳಿದಾಗ ನೀನು ಇಲ್ಲವೆಂದೆ, ಹತ್ತು ದಿನದಿಂದ ಯಾರಿಗೂ ಮಾಡಿಲ್ಲವೆಂದೆ. ಆಮೇಲೆ ತಮಾಷೆಯ ದನಿಯಲ್ಲಿ, ಈ ವಾರ ಬಲೆ ಎಳೆಯುವ ವಿಂಚಿನ ತಂತಿಗೆ ಎರಡು ಬೆರಳು ಹೋದುವು, ಎಂಟು ಬೆರಳಿಗೆ ಮೀನೇನು ಕಮ್ಮಿ ಬೀಳೂದಿಲ್ಲ ಎಂದೆಯಂತೆ. ನಿನ್ನ ಮಟ್ಟಿಗೆ ಅದು ಅವನನ್ನು ನಗಿಸುವ ಮಾತು. ಅವನು ಫೋನಿನ ಹತ್ತಿರವೇ ಕುಸಿದು ಕುಳಿತನಂತೆ. ಅಕ್ಕ ಸುಳ್ಳು ಹೇಳಿದಳು, ನಾನು ಆಣೆ ಮುರಿದೆ, ಅಪ್ಪನ ಎರಡು ಬೆರಳು ಹೋದುವು. ಇಷ್ಟು ಅವನಿಗೆ ಒಂದೇ ಫೋನಿನಲ್ಲಿ ಗೊತ್ತಾಯಿತು.

ಅಂದಿನಿಂದ ಅವನು ಓದುತ್ತಿದ್ದಾನೆ. ನೀನು ಕೇಳಿದರೆ ಸಂತೋಷಪಡುವಷ್ಟು ಓದುತ್ತಿದ್ದಾನೆ. ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಾನೆ, ಯಾರ ಜೊತೆಯೂ ಮಾತಿಲ್ಲ. ಬಹಳ ಶಿಸ್ತಿನ ಹುಡುಗ ಎಂದು ವಾರ್ಡನ್ ಹೊಗಳುತ್ತಾರೆ. ಒಳಗಿನದು ನನಗೆ ಗೊತ್ತಾದದ್ದು ಕಳೆದ ತಿಂಗಳು. ವಾರಕ್ಕೊಂದು ಮಾದರಿ ಪರೀಕ್ಷೆ ಇರುತ್ತದೆ. ಅದರ ಅಂಕ ಒಮ್ಮೆ ಇಳಿಯಿತು. ಅದೇ ವಾರ ಕರಾವಳಿಯಲ್ಲಿ ಗಾಳಿ ಜೋರಿದೆ, ಬೋಟುಗಳು ಹುಷಾರು ಎಂದು ಪೇಪರಿನಲ್ಲಿ ಬಂದಿತ್ತು. ಅವನು ಎರಡನ್ನೂ ಕೂಡಿಸಿಕೊಂಡ. ನಾ ತಪ್ಪು ಬರದ್ರ ಅಲ್ಲಿ ಅಪ್ಪಗ ಏನಾರ ಆಗ್ತದ ಎಂದು ಬಹಳ ಸಹಜವಾಗಿ, ಹೊತ್ತು ಎಷ್ಟಾಯಿತು ಎಂದು ಹೇಳುವ ಹಾಗೆ ಹೇಳಿದ. ಈಗ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲು ಪೇಪರಿನ ಹವಾಮಾನ ನೋಡುತ್ತಾನೆ. ಸೇತುವೆ ದಾಟಬೇಕಾಗುತ್ತದೆ ಎಂದು ಶಿವರಾತ್ರಿಗೆ ಊರಿಗೇ ಬರಲಿಲ್ಲ. ಇನ್ನೊಂದು ಇದೆ, ಇದನ್ನು ಅವ್ವನಿಗೆ ಹೇಳಿಲ್ಲ. ತನ್ನ ಎಡಗೈಯ ಕೊನೆಯ ಎರಡು ಬೆರಳುಗಳನ್ನು ಕೂಡಿಸಿ ಟೇಪು ಸುತ್ತಿಕೊಂಡಿದ್ದಾನೆ, ನಿನಗೆ ಹೋದವೇ ಆ ಎರಡು. ಗಾಯವೇನೋ ಎಂದು ನಾನು ಬಿಚ್ಚಿ ನೋಡಿದೆ. ಗಾಯವಿಲ್ಲ. ಬೆರಳು ಬಿಳುಚಿಕೊಂಡಿವೆ, ಅಷ್ಟೇ. ಅಪ್ಪಗ ಇಲ್ಲಂದ್ರ ನನಗ್ಯಾಕ ಎಂದ.

ಆಗ ನಾನು ಮಾಡಬೇಕಾಗಿದ್ದನ್ನು ಮಾಡಿದೆ. ಮದುವೆಗೆಂದು ಬಂದ ಶಾರುಖ್‌ನನ್ನು ಕೂರಿಸಿಕೊಂಡು ಒಂದೊಂದೇ ಕೇಳಿದೆ. ಅವನು ಹೇಳಿದ್ದನ್ನು ಕೇಳಿ ನನಗೆ ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನ್ನ ಬೆರಳು ಹೋದದ್ದು ಜನವರಿ ಹನ್ನೆರಡಕ್ಕೆ. ಸಂಕ್ರಾಂತಿಗೆ ಮೂರು ದಿನ ಮೊದಲು! ಬೇರೆ ಬೋಟಿನಲ್ಲಿ ನಿನ್ನನ್ನು ದಡಕ್ಕೆ ತಂದು ಆಸ್ಪತ್ರೆಗೆ ಹಾಕಿದವನು ಶಾರುಖ್ ತಾನೇ. ನಿನ್ನ ಫೋನು ನಿಮ್ಮ ಬೋಟಿನಲ್ಲೇ ಉಳಿದಿತ್ತು, ಅದಕ್ಕೇ ಹತ್ತಲಿಲ್ಲ. ಶಾರುಖ್ ತನ್ನ ಫೋನು ಕೊಡಲು ಬಂದರೆ, ಹಬ್ಬದಾಗ ಮನಿಮಂದಿಗೆ ಯಾಕ ಫಿಕರ್ ಎಂದು ನೀನು ಬೇಡವೆಂದೆಯಂತೆ. ಆಮೇಲೆ ಮಗನಿಗೆ ಈ ವಾರ ಎಂದು ಹಗುರ ಮಾಡಿ ಹೇಳಿದೆ. ನೋಡು ಅಪ್ಪಾ, ನೀನು ಅವನು ಹೆದರಬಾರದೆಂದು ಸುಳ್ಳು ಹೇಳಿದೆ, ನಾನು ಅವನು ಉಣ್ಣಲೆಂದು ಸುಳ್ಳು ಹೇಳಿದೆ. ಎರಡೂ ಸೇರಿ ಅವನ ಬೆನ್ನಿಗೆ ಬಿದ್ದಿವೆ.

ನಿನ್ನೆ ಭಾನುವಾರ ನಾನು, ಶಾರುಖ್ ಇಬ್ಬರೂ ಹಾಸ್ಟೆಲಿಗೆ ಹೋದೆವು. ಗೇಟಿನ ಒಳಗಿನ ಬೇವಿನ ಗಿಡದ ಕೆಳಗೆ ಕುಳಿತು ಶಾರುಖ್ ಎಲ್ಲ ಹೇಳಿದ, ತಾರೀಖು ಹೇಳಿದ, ಆಸ್ಪತ್ರೆಯ ವಾರ್ಡು ಹೇಳಿದ, ನೀನು ನರ್ಸಮ್ಮನ ಜೊತೆ ಚಹಾಕ್ಕಾಗಿ ಜಗಳವಾಡಿದ್ದನ್ನೂ ಹೇಳಿದ. ಅರ್ಜುನ ತಲೆ ತಗ್ಗಿಸಿ ಕೇಳಿಸಿಕೊಂಡ. ಮುಗಿದ ಮೇಲೆ ಶಾರುಖ್‌ಗೆ, ಅಣ್ಣಾ, ನಿಮ್ಮ ತಂಗಿ ಮದುವಿ ಛಲೋ ಆತೇನ್ರಿ ಎಂದು ಕೇಳಿದ. ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ:

‘ಅಕ್ಕಾ, ನೀ ಓದಿದಾಕಿ. ಸುಳ್ಳ ಹೇಳಾಕ ಈ ಸಲ ಸಾಕ್ಷಿ ಕರ್ಕೊಂಡು ಬಂದಿ.’

ನಾನು ಇನ್ನೂ ಒಂದು ತಪ್ಪು ಮಾಡಿದೆ. ಅವನಿಗೆ ದಾರಿ ತೋರಿಸುತ್ತೇನೆಂದು ಬೇರೆ ಕಾಗದಗಳನ್ನು ಒಯ್ದಿದ್ದೆ. ಹೊಳೆ, ಅಣೆಕಟ್ಟು, ಆಳ ಅಳೆಯುವ ಓದುಗಳಿವೆ, ಪ್ರವಾಹದಲ್ಲಿ ಜನರನ್ನು ಉಳಿಸುವವರ ತರಬೇತಿ ಇದೆ, ಎಲ್ಲ ಹುಡುಕಿ ಮುದ್ರಿಸಿಕೊಂಡು ಹೋಗಿದ್ದೆ. ನೀನು ಇದಕ್ಕೇ ಹುಟ್ಟಿದವನು, ಪರೀಕ್ಷೆ ಬರೆಯಬೇಡ, ಇದನ್ನು ತುಂಬು ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಅವನು ಕಾಗದಗಳನ್ನು ಮಡಚಿ ನನ್ನ ಚೀಲಕ್ಕೇ ಹಾಕಿದ. ಈಗ ನೀನೂ ಆಣಿ ಹಾಕಾಕತ್ತಿ ಏನು ಎಂದ. ಅಪ್ಪಾ, ಅಲ್ಲಿಂದ ಬಸ್ ನಿಲ್ದಾಣಕ್ಕೆ ನಡೆದೆವು. ಶಾರುಖ್ ಕಬ್ಬಿನ ಹಾಲು ಕೊಡಿಸಿದ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ಆದ್ದರಿಂದ ಅವನನ್ನು ಡಾಕ್ಟರ್ ಮಾಡಬೇಡ ಎಂದು ನಾನು ಬರೆಯುತ್ತಿಲ್ಲ. ಹೊಳೆಗೆ ಬಿಡು ಎಂದೂ ಬರೆಯುತ್ತಿಲ್ಲ. ಅವನು ಡಾಕ್ಟರೇ ಆಗಲಿ, ಅಣೆಕಟ್ಟಿನ ಮೇಲೆ ಕುಳಿತು ನೀರು ಅಳೆಯಲಿ, ಏನೂ ತಿಳಿಯದೆ ಒಂದು ವರ್ಷ ಸುಮ್ಮನೆ ಇರಲಿ. ಅವನ ಕೈಯಲ್ಲಿ ಒಂದು ವಿದ್ಯೆ ಇದೆ, ಅದನ್ನು ಯಾರೂ ಕಲಿಸಲಿಲ್ಲ. ನಾವು ತಡೆದರೂ ಅದು ಬೆಳೆಯಿತು. ಅದನ್ನು ಏನು ಮಾಡಬೇಕೆಂದು ಹೇಳಬೇಕಾದವನು ಅವನೇ. ಆದರೆ ನಿನ್ನ ಜೀವ ತನ್ನ ಪೆನ್ನಿನ ತುದಿಯಲ್ಲಿದೆ ಎಂದು ನಂಬಿದ ಹುಡುಗ ಏನನ್ನೂ ಆರಿಸಿಕೊಳ್ಳಲಾರ. ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ಮೇ ಮೂರಕ್ಕೆ. ಅಂದು ಬರೆಯಲು ಆಗದಿದ್ದರೆ? ಬರೆದರೂ, ಜೂನಿನಲ್ಲಿ ಫಲಿತಾಂಶ ಬಂದು ಆ ಪಟ್ಟಿಯಲ್ಲಿ ಅವನು ಇಲ್ಲದಿದ್ದರೆ? ನನಗೆ ಹೆದರಿಕೆ ಪರೀಕ್ಷೆಯದಲ್ಲ. ಅದರ ಮರುದಿನ ಬೆಳಗಿನದು.

ಆಣೆ ಎಂಬುದು ಬರೀ ಮಾತು, ಮಾತಿನಿಂದ ಯಾರ ಬೆರಳೂ ತುಂಡಾಗುವುದಿಲ್ಲ. ನಾನು ಅದನ್ನು ನಂಬುವುದಿಲ್ಲ. ಆದರೂ ನಿನಗೆ ಖರೆ ಹೇಳುತ್ತೇನೆ, ಈಗೀಗ ಪೇಪರು ಬಂದರೆ ನಾನೂ ಮೊದಲು ಹವಾಮಾನವನ್ನೇ ನೋಡುತ್ತೇನೆ. ಹೆದರಿಕೆ ಮೈಗೆ ಹತ್ತಿದ ಮೇಲೆ ಓದಿದ್ದೆಲ್ಲ ಎಲ್ಲೋ ದೂರ ಹೋಗಿ ನಿಂತುಬಿಡುತ್ತದೆ. ಅದಕ್ಕೇ ನಾಚಿಕೆ ಬಿಟ್ಟು ದೊಡ್ಡಪ್ಪನನ್ನು ಕೇಳಿದೆ, ನಮ್ಮ ಮಂದಿಯಲ್ಲಿ ಇಟ್ಟ ಆಣೆಯನ್ನು ಬಿಡಿಸುವುದು ಹೇಗೆ ಎಂದು. ಬೇರೆಯವರ ಕೈಯಲ್ಲಿ ಆಗುವುದಿಲ್ಲವಂತೆ, ಫೋನಿನಲ್ಲೂ ಆಗುವುದಿಲ್ಲವಂತೆ. ಇಟ್ಟವನೇ ಬಂದು ಅದೇ ನೀರಿನಲ್ಲಿ ನಿಂತು, ಅದೇ ಬೊಗಸೆ ತುಂಬಿ, ನೀರನ್ನು ಹುಡುಗನ ತಲೆಗಲ್ಲ, ಹೊಳೆಗೇ ತಿರುಗಿ ಬಿಡಬೇಕಂತೆ. ನನ್ನ ಮಾತು ನಾ ಹೊಳಿಗಿ ಒಪ್ಪಿಸೀನಿ, ನೀ ಖುಲ್ಲಾ ಎಂದು ಮೂರು ಸಲ ಹೇಳಬೇಕಂತೆ. ನಿಮ್ಮಪ್ಪ ಗುರಪ್ಪಗ ಹೇಳು, ಅವ ಬರದಿದ್ರ ನಾನ ಮಲ್ಪಿಗಿ ಹೋಗಿ ಬೋಟಿಂದ ಕೆಳಗ ಎಳೀತೀನಿ ಎಂದ. ಅವನ ಮಣಕಾಲಿನ ಸ್ಥಿತಿಯಲ್ಲಿ ಅವನು ಬಸ್ಸೂ ಹತ್ತಲಾರ, ಆದರೂ ಹೇಳಿದ.

ಮೂಢನಂಬಿಕೆಯ ವಿರುದ್ಧ ಹತ್ತು ಸಭೆಗಳಿಗೆ ಹೋಗಿ ಘೋಷಣೆ ಕೂಗಿದವಳು ಇದನ್ನು ಬರೆಯುತ್ತಿದ್ದೇನೆ, ನಗಬೇಡ. ನನ್ನ ಮಾತಿಗೆ ಅವನಲ್ಲಿ ಈಗ ಬೆಲೆಯಿಲ್ಲ. ನಿನ್ನ ಮಾತಿಗೆ ಇದೆ. ನೀನು ಬಂದಾಗ ಆಸ್ಪತ್ರೆಯ ಚೀಟಿ ತಾ, ತಾರೀಖು ಅವನ ಕಣ್ಣಿಗೆ ಬೀಳಲಿ. ಕೈ ಮುಚ್ಚಿಕೊಂಡು ಬರಬೇಡ, ತೋರಿಸು. ಆಣಿ ಯಾಕ ಮುರದಿ ಎಂದು ಮಾತ್ರ ಕೇಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಜೀವಾ ಉಳಸಾಂವ ಆಗಬೇಕು ಎಂದು ಅವತ್ತು ನೀನೇ ಹೇಳಿದ್ದೆ. ಹದಿನೇಳನೇ ವಯಸ್ಸಿಗೆ ಅವನು ಅದನ್ನು ಮಾಡಿದ್ದಾನೆ. ಅದಕ್ಕೆ ಒಮ್ಮೆ ಅವನ ಬೆನ್ನು ತಟ್ಟು. ಇಲ್ಲಿಯವರೆಗೆ ಯಾರೂ ತಟ್ಟಿಲ್ಲ. ಅವನು ತಟ್ಟಗೊಡಲಿಲ್ಲ.

ರಜೆ ಕೇಳಿದರೆ ಬೋಟಿನ ಮಾಲಕ ಸಿಡುಕಬಹುದು. ಸಿಡುಕಲಿ. ಜೂನಿನ ಮಳೆಗಾಲಕ್ಕೆ ಬೋಟುಗಳು ನಿಲ್ಲುತ್ತವೆ, ಆಗ ಬರುತ್ತೇನೆ ಎನ್ನಬೇಡ. ಜೂನು ಬಹಳ ದೂರ ಇದೆ.

ಅವ್ವ ನಿನ್ನನ್ನು ಬಹಳ ನೆನೆಸುತ್ತಾಳೆ. ದೊಡ್ಡಪ್ಪ ತನ್ನ ಬೈಗುಳವನ್ನೇ ನಮಸ್ಕಾರವೆಂದು ತಿಳಿಯಲು ಹೇಳಿದ್ದಾನೆ. ಬಿರುಸಾಗಿ ಬರೆದದ್ದನ್ನು ಮಗಳ ಬಾಯಿಯೆಂದು ಕ್ಷಮಿಸು. ನೀನು ಆರಾಮಾಗಿರು, ಗಾಳಿ ಬಂದರೆ ಒಳಗೆ ಕುಳಿತಿರು.

ನಿನ್ನ ಮಗಳು,
ನಂದಿನಿ

ತಾ.ಕ.: ಶಾರುಖ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು. ಮೇಲೆ ಬರೆಯಲು ಕೈ ಬಾರದ್ದನ್ನು ಬರೆದುಬಿಡುತ್ತೇನೆ. ನಿನ್ನೆ ನಾವು ಹೊರಡುವಾಗ ಅರ್ಜುನ ಹತ್ತನೇ ಕ್ಲಾಸು ಪಾಸಾದಾಗ ನೀನು ಕೊಡಿಸಿದ ಕೈಗಡಿಯಾರ ಬಿಚ್ಚಿ ನನ್ನ ಕೈಯಲ್ಲಿಟ್ಟ. ಅವ್ವಗ ಕೊಡು, ನನಗಿನ್ನ ಬೇಕಾಗೂದಿಲ್ಲ ಎಂದ. ಹೊಸ ಹೊದಿಕೆಯನ್ನು ಪಕ್ಕದ ಮಂಚದ ಹುಡುಗನಿಗೆ ಕೊಟ್ಟುಬಿಟ್ಟಿದ್ದಾನಂತೆ. ಅದಕ್ಕೇ ನಾನು ಬಸ್ ನಿಲ್ದಾಣದಿಂದಲೇ ಹಿಂದಕ್ಕೆ ಬಂದೆ, ಸುರಪುರಕ್ಕೆ ಹೋಗಿಲ್ಲ. ಹಾಸ್ಟೆಲಿನ ಎದುರು ಖಾನಾವಳಿ ನಡೆಸುವ ಹಜರಾಬೀ ಅಮ್ಮ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಾಳೆ. ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ. ಅವನನ್ನು ಒಂದು ಗಳಿಗೆಯೂ ಒಬ್ಬನೇ ಬಿಡಬೇಡಿ, ಅವನು ಯಾರಿಗಾಗಿ ಹೆದರಿದ್ದಾನೋ ಅವರನ್ನು ಬೇಗ ಕರೆಸಿ ಎಂದರು. ವಾರ್ಡನ್‌ಗೆ ಎಲ್ಲ ಹೇಳಿದ್ದೇನೆ. ನಿನ್ನೆ ರಾತ್ರಿಯಿಂದ ಒಬ್ಬ ಮೇಷ್ಟ್ರು ಅವನ ಕೋಣೆಯಲ್ಲೇ ಮಲಗುತ್ತಿದ್ದಾರೆ, ಇನ್ನು ದಿನಾ ಬೆಳಿಗ್ಗೆ, ಸಂಜೆ ನಾನು ನೋಡಿ ಬರುತ್ತೇನೆ. ಅವನನ್ನು ಕರೆದುಕೊಂಡು ಹೋಗುತ್ತೇನೆಂದರೆ ಅವನೇ ಬರಲು ಒಲ್ಲ, ಓದು ಬಿಟ್ಟರೆ ನಿನಗೆ ಏನೋ ಆಗುತ್ತದೆ ಎನ್ನುತ್ತಾನೆ. ಗುರುವಾರ ದಡಕ್ಕೆ ಇಳಿದ ಕೂಡಲೇ ಹಾಸ್ಟೆಲಿಗೆ ಫೋನ್ ಮಾಡಿ ನಿನ್ನ ದನಿ ಕೇಳಿಸು, ಬರುತ್ತಿದ್ದೇನೆ ಎಂದಷ್ಟೇ ಹೇಳು, ಅಂದೇ ಬಸ್ಸು ಹತ್ತು. ಎಷ್ಟೇ ತಡವಾದರೂ ಬರುವ ಭಾನುವಾರ, ಏಪ್ರಿಲ್ ಹತ್ತೊಂಬತ್ತು, ಬೆಳಿಗ್ಗೆ ಹತ್ತು ಗಂಟೆ, ಶಹಾಪುರ, ಹಾಸ್ಟೆಲಿನ ಗೇಟು, ಅಲ್ಲಿಂದಲೇ ಹೊಳೆಗೆ. ನಾನು ಅರ್ಜುನನ ಕೈ ಹಿಡಿದುಕೊಂಡು ನಿಂತಿರುತ್ತೇನೆ.